ಹುಣಸೆ ಹೊಳೆಗೆ ಲಕ್ಷ ರೂಪಾಯಿಯ ನೀರು

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣಕ್ಕೆ ಟೈ ಕಟ್ಟಿದ ಯುವಕನೊಬ್ಬ ನೀರಿನ ಯಂತ್ರ ಮಾರಲು ಬಂದಿದ್ದ. ಎರಡು ಲೋಟ ನೀರಿಗೆ ಪುಟ್ಟ ಸೀಸೆಯಿಂದ, ಆಮ್ಲ-ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ದ್ರಾವಣವನ್ನು ಮೂರು ಮೂರು ಹನಿ ಬಿಟ್ಟ. ನಲ್ಲಿಯ ನೀರು ಹಸಿರಾಯಿತು, ಅವನ ಯಂತ್ರದ ನೀರು ನೇರಳೆಯಾಯಿತು. "ಪಿಎಚ್ ಒಂಬತ್ತು! ಕ್ಷಾರೀಯ ನೀರು. ಹೊಟ್ಟೆಯ ಆಮ್ಲವನ್ನೆಲ್ಲ ತಟಸ್ಥಗೊಳಿಸುತ್ತದೆ." ಹಿಂದಿನ ಸಾಲಿನಿಂದ ಚಪ್ಪಾಳೆ. ಬೆಲೆ ಲಕ್ಷದ ಮೇಲೆ. ಅದನ್ನು ಹೇಳುವಾಗ ಮಾತ್ರ ಅವನ ದನಿ ತಗ್ಗಿತು.

ಆಮ್ಲಕ್ಕೆ ಕ್ಷಾರ ಸೇರಿದರೆ ಲವಣ ಮತ್ತು ನೀರು. ಹೈಸ್ಕೂಲಿನ ಪಾಠ, ಸುಳ್ಳಲ್ಲ. ಆದರೆ ಕುಸ್ತಿಗೆ ಬಿಡುವ ಮುನ್ನ ಎರಡೂ ಕಡೆಯವರ ತೂಕ ನೋಡಬೇಡವೇ? ಆಮ್ಲ-ಕ್ಷಾರ ಅಳೆಯುವ ಪಿಎಚ್‌ನಲ್ಲಿ 7 ಎಂದರೆ ತಟಸ್ಥ; ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಕ್ಷಾರ. ಜಠರರಸದ ಪಿಎಚ್ 2ರ ಆಸುಪಾಸು. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಜಠರರಸ 7ರಿಂದ ಐದು ಮೆಟ್ಟಿಲು ಕೆಳಗೆ, ಅವನ ನೀರು ಎರಡೇ ಮೆಟ್ಟಿಲು ಮೇಲೆ; ಮೂರು ಮೆಟ್ಟಿಲಿನ ವ್ಯತ್ಯಾಸ, ಸಾವಿರ ಪಟ್ಟು. ಪಿಎಚ್ ಲೆಕ್ಕವನ್ನಷ್ಟೇ ಹಿಡಿದರೆ ಅವನ ಒಂದು ಲೀಟರ್ ನೀರು ಒಂದು ಮಿಲಿಲೀಟರ್ ಜಠರರಸಕ್ಕೆ ಸಾಟಿ. ಹೊಟ್ಟೆಯೋ, ದಿನಕ್ಕೆ ಸುಮಾರು ಎರಡು ಲೀಟರ್ ಸುರಿಸುತ್ತದೆ. ಅಷ್ಟನ್ನೂ ತಣಿಸಲು 2,000 ಲೀಟರ್ ಕುಡಿಯಬೇಕು, ಅಂದರೆ ಟ್ಯಾಂಕರ್ ಕರೆಸಬೇಕು. ಅದೇ ಕೆಲಸವನ್ನು ಎರಡು ಗ್ರಾಂ ಅಡುಗೆ ಸೋಡಾ ಮುಗಿಸುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತೇವಲ್ಲ, ಇಲ್ಲಿ ಹೊಳೆಯೇ ಹುಣಸೆಹುಳಿ. ಲಕ್ಷ ರೂಪಾಯಿಯ ನೀರು ತಟಸ್ಥವಾಗಿ, ಅಂದರೆ ದಡದಲ್ಲಿ ನಿಂತು, ನೋಡಬಹುದು.

ಅಷ್ಟಕ್ಕೂ ಆ ಆಮ್ಲ ಅಲ್ಲಿರುವುದು ಊಟ ಅರಗಿಸಲು, ರೋಗಾಣು ಕೊಲ್ಲಲು. ರಕ್ತದ ಪಿಎಚ್ ಅನ್ನು 7.35ರಿಂದ 7.45ರೊಳಗೆ ಕಾಯುವ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಈವರೆಗೆ ಕಂತು ಕೇಳಿಲ್ಲ. ಕ್ಷಾರದ ಮಾತಿಗೆ ಬಂದರೆ, ನಮ್ಮಜ್ಜಿ ವೀಳ್ಯದೆಲೆಗೆ ಉಗುರಿನಲ್ಲಿ ಸವರುತ್ತಿದ್ದ ಸುಣ್ಣದ ಪಿಎಚ್ 12ರ ಮೇಲಿತ್ತು. ಆಕೆ ಯಾರ ಮುಂದೆಯೂ ಲೋಟ ಹಿಡಿದು ಪ್ರದರ್ಶನ ಮಾಡಲಿಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಾಲಯದಲ್ಲಿ ರಸಾಯನವಿಜ್ಞಾನಿ ಸೋರೆನ್ಸನ್ ಹುಟ್ಟುಹಾಕಿದ ಅಳತೆ ಈ ಪಿಎಚ್; ಈಗ ನೀರು ಮಾರಲು ನಿಂತಿದೆ.

"ಬೆಳಿಗ್ಗೆ ಇದಕ್ಕೆ ನಿಂಬೆರಸ ಹಿಂಡಿಕೊಳ್ಳಬಹುದೇ?" ಎಂದು ಎರಡನೇ ಮಹಡಿಯವರು ಕೇಳಿದರು.

"ಇನ್ನೂ ಒಳ್ಳೆಯದು!"

ನಾನು ಎದ್ದು ಹೋಗಿ ನೇರಳೆ ಲೋಟಕ್ಕೆ ಅರ್ಧ ಹೋಳು ಹಿಂಡಿದೆ. ಬಣ್ಣ ಹಳದಿಗೆ ತಿರುಗಿ ಕೆಂಪಡರಿತು. ಯುವಕ ಕದಲಲಿಲ್ಲ. "ಹೊಟ್ಟೆಗೆ ಹೋದ ಮೇಲೆ ನಿಂಬೆಯೂ ಕ್ಷಾರವಾಗುತ್ತದೆ ಸಾರ್."

"ಹಾಗಾದರೆ ಐದು ರೂಪಾಯಿಯ ನಿಂಬೆಹಣ್ಣೇ ಸಾಕಲ್ಲ?"

"ನಿಂಬೆಹಣ್ಣಿಗೆ ಐದು ವರ್ಷ ವಾರಂಟಿ ಯಾರು ಕೊಡುತ್ತಾರೆ ಸಾರ್?"

ಎರಡನೇ ಮಹಡಿಯವರು ಪೆನ್ನು ಕೇಳಿದರು.