ಸ್ಟೀರಿಂಗ್ ಹಿಡಿದ ಅಳಿಯಂದಿರು

ಕಾರನ್ನು ಮಗ ಓಡಿಸುತ್ತಿದ್ದರೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಕೆಲವು ಹಕ್ಕುಗಳಿರುತ್ತವೆ. ‘ನಿಧಾನ ಕಣೋ’ ಅನ್ನಬಹುದು. ತಿರುವಿನಲ್ಲಿ ಕಿರುಚಬಹುದು. ‘ಯಾರೋ ನಿನಗೆ ಲೈಸೆನ್ಸ್ ಕೊಟ್ಟಿದ್ದು’ ಅಂತ ಕೇಳಲೂಬಹುದು. ಗಂಡ ಓಡಿಸುತ್ತಿದ್ದರಂತೂ ಮನೆಯಿಂದ ಹೊರಟಾಗ ಶುರುವಾದ ಉಪದೇಶ ಊರು ಮುಟ್ಟಿದ ಮೇಲೆಯೇ ನಿಲ್ಲುವುದು. ಆದರೆ ಅಳಿಯಂದಿರು ಓಡಿಸುತ್ತಿದ್ದರೆ? ಇದಕ್ಕೆ ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಮಾಡಿಟ್ಟಿಲ್ಲ. ಅಳಿಯ ಮನೆಗೆ ಬಂದರೆ ಕಾಲಿಗೆ ನೀರು ಕೊಡಬೇಕು, ಊಟಕ್ಕೆ ಕೂತರೆ ಕೈ ಹಿಂದೆ ಮಾಡದೆ ತುಪ್ಪ ಬಡಿಸಬೇಕು, ದೀಪಾವಳಿಗೆ ಪಂಚೆ ಕೊಡಬೇಕು, ಎಲ್ಲ ಗೊತ್ತು. ಎಡಕ್ಕೆ ಬಂಡೆ, ಬಲಕ್ಕೆ ಮೆಡಿಟರೇನಿಯನ್ ಸಮುದ್ರ, ಎದುರಿಗೆ ಬಸ್ಸು ಬಂದಾಗ ಅತ್ತೆಯಾದವಳು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಮಗಳು ಅಳಿಯ ಇರುವುದು ಮ್ಯೂನಿಕ್‌ನಲ್ಲಿ. ನಾನು, ಇವರು, ಮಗ ಬೆಂಗಳೂರಿನಿಂದ ಹೋಗಿ ಫ್ರಾನ್ಸಿನ ನೀಸ್‌ನಲ್ಲಿ ಅವರನ್ನು ಸೇರಿಕೊಂಡೆವು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಕಡಲ ಪಕ್ಕದಲ್ಲೇ ಮೊನಾಕೊ ದಾಟಿ, ಇಟಲಿಗೆ ಹೊಕ್ಕು, ಜಿನೋವಾ ನೋಡಿ, ಲಾ ಸ್ಪೆಜಿಯಾವರೆಗೆ ಹೋಗಿ ವಾಪಸ್ ಬರುವುದು. ಮಗಳ ಎಕ್ಸೆಲ್ ಶೀಟಿನಲ್ಲಿ ಇದೆಲ್ಲ ಬಣ್ಣಬಣ್ಣವಾಗಿ ಕೂತಿತ್ತು. ನಮ್ಮಿಬ್ಬರ ಪಾಸ್‌ಪೋರ್ಟ್ ಅವಳ ಕೈಚೀಲ ಸೇರಿತು. ‘ಕಳೆದುಹಾಕ್ತೀರ, ಕೊಡಿ’ ಅಂದಳು. ಅವಳು ಶಾಲೆಯಲ್ಲಿ ಎಷ್ಟು ನೀರಿನ ಬಾಟಲಿ ಕಳೆದಿದ್ದಳು ಅನ್ನುವ ಲೆಕ್ಕ ನನ್ನ ನಾಲಿಗೆ ತುದಿಗೆ ಬಂತು. ಅಳಿಯಂದಿರು ಪಕ್ಕದಲ್ಲೇ ಇದ್ದರು. ನುಂಗಿಕೊಂಡೆ.

ಬಾಡಿಗೆ ಕಾರಿನ ವೆಬ್‌ಸೈಟಿನಲ್ಲಿ ದೊಡ್ಡ ಕಾರಿನ ಚಿತ್ರವಿತ್ತು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಥವಾ ಇದೇ ರೀತಿಯ ಇನ್ನೊಂದು’ ಅಂತಲೂ ಇತ್ತಂತೆ. ನಮಗೆ ಸಿಕ್ಕಿದ್ದು ಆ ಇನ್ನೊಂದು. ಡಿಕ್ಕಿಯಲ್ಲಿ ಮೂರು ಸೂಟ್‌ಕೇಸ್ ಹಿಡಿಸಿತು. ನಾಲ್ಕನೆಯದು ಹಿಂದಿನ ಸೀಟಿನಲ್ಲಿ ನನಗೂ ಮಗನಿಗೂ ನಡುವೆ ನೆಂಟರ ಹಾಗೆ ಕೂತಿತು. ಮಗಳು ಆ ಕಡೆ ಕಿಟಕಿಗೆ ಅಂಟಿಕೊಂಡಳು. ನನ್ನ ತೊಡೆ ಮೇಲೆ ತಿಂಡಿ ಚೀಲ. ಹಾಲಿನ ಪದಾರ್ಥಗಳನ್ನು ಹೊರಗಿನವರು ಯುರೋಪಿಗೆ ತರುವ ಹಾಗಿಲ್ಲ ಅಂತ ಮಗಳು ಮೊದಲೇ ಹೇಳಿ ತುಪ್ಪ, ಪೇಡ ಎಲ್ಲ ತೆಗೆಸಿದ್ದಳು. ಹಾಗಾಗಿ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ನಿಪ್ಪಟ್ಟು, ಕೊಬ್ಬರಿ ಎಣ್ಣೆ ಬಾಟಲಿ, ಇಷ್ಟೇ. ಈ ಕೊಬ್ಬರಿ ಎಣ್ಣೆಯ ಕಥೆ ಆಮೇಲೆ ಬರುತ್ತದೆ.

ಇವರು ಮುಂದೆ ಕೂತರು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಅಂದರೆ ಇವರು ಕೂತ ಜಾಗ ನಮ್ಮೂರಲ್ಲಿ ಡ್ರೈವರ್ ಕೂರುವ ಜಾಗ. ಕೈಗೆ ಸ್ಟೀರಿಂಗ್ ಇಲ್ಲ, ಆದರೆ ಕಾಲಿಗೆ ಅದು ಗೊತ್ತಾಗಬೇಕಲ್ಲ? ಮೊದಲ ಸಿಗ್ನಲ್‌ನಲ್ಲೇ ಇವರ ಬಲಗಾಲು ನೆಲವನ್ನು ಜೋರಾಗಿ ಒತ್ತಿತು. ಅಲ್ಲಿಂದ ಲಾ ಸ್ಪೆಜಿಯಾವರೆಗೂ ಇವರು ಒತ್ತುತ್ತಲೇ ಇದ್ದರು. ರಾತ್ರಿ ನೋವಿನ ಎಣ್ಣೆ ಹಚ್ಚಿಕೊಳ್ಳುವಾಗ ‘ಜಾಸ್ತಿ ನಡೆದುಬಿಟ್ಟೆ’ ಅನ್ನುತ್ತಿದ್ದರು.

ನೀಸ್‌ನಿಂದ ಮೆಂತೋನ್ ಕಡೆಗೆ ಮೂರು ಕಾರ್ನಿಶ್ ರಸ್ತೆಗಳಿವೆ. ಕೆಳಗಿನದು ಸಮುದ್ರದ ಪಕ್ಕ, ನಡುವಿನದು ಗುಡ್ಡದ ಸೊಂಟದಲ್ಲಿ, ಮೇಲಿನದು ನೆತ್ತಿಯಲ್ಲಿ. ಮೇಲಿನದನ್ನು ಮಾಡಿಸಿದ್ದು ನೆಪೋಲಿಯನ್. ಅವನ ಸೈನ್ಯದಲ್ಲಿ ಅತ್ತೆಯರು ಇರಲಿಲ್ಲ ಅಂತ ಕಾಣುತ್ತದೆ. ಅಳಿಯಂದಿರು ನಡುವಿನದನ್ನು ಆರಿಸಿಕೊಂಡರು. ನೋಟ ಚೆನ್ನಾಗಿದೆ, ನಿಜ. ಕೆಳಗೆ ನೀಲಿ ನೀರು, ಬಿಳಿ ದೋಣಿಗಳು, ಬೆಟ್ಟದ ತುದಿಯಲ್ಲಿ ಎಜ್ ಅನ್ನುವ ಕಲ್ಲಿನ ಹಳ್ಳಿ. ಆದರೆ ಅಲ್ಲಿ ಗಾಡಿ ಓಡುವುದು ಬಲಗಡೆ, ಸಮುದ್ರ ಇರುವುದೂ ಬಲಗಡೆ. ನಾನು ಕೂತಿದ್ದೂ ಬಲಗಡೆಯ ಕಿಟಕಿಗೆ.

‘ಅತ್ತಿಯವ್ರ, ಆರಾಮ್ ಕುಂದರ್ರಿ. ಏನೂ ಆಗೂದಿಲ್ರಿ’ ಅಂದರು ಅಳಿಯಂದಿರು. ಹುಬ್ಬಳ್ಳಿಯವರು, ಮೃದು ಸ್ವಭಾವ. ಹೀಗೆ ಹೇಳುವಾಗ ಗೌರವಕ್ಕೆ ತಲೆ ಹಿಂದೆ ತಿರುಗಿಸಿ ನನ್ನ ಮುಖ ನೋಡಿಯೇ ಹೇಳುತ್ತಾರೆ. ಅಷ್ಟು ಗೌರವ ಬೇಡ, ರಸ್ತೆ ನೋಡಿ ಅಂತ ಹೇಗೆ ಹೇಳುವುದು? ‘ನಂಗೇನೂ ಭಯ ಇಲ್ಲಪ್ಪ’ ಅಂದೆ. ಮನಸ್ಸಿನಲ್ಲಿ ವಿಷ್ಣು ಸಹಸ್ರನಾಮ ಶುರು ಮಾಡಿದೆ.

ಆ ಹೊತ್ತಿಗೇ ಮಗ ಫೋನ್ ನೋಡುತ್ತಾ, ‘ಅಮ್ಮಾ, ಗ್ರೇಸ್ ಕೆಲಿ ಗೊತ್ತಲ್ವಾ? ಸಿನಿಮಾ ನಟಿ, ಮೊನಾಕೊ ರಾಜನ್ನ ಮದುವೆ ಆದವಳು. ಇಲ್ಲೇ ಮೇಲಿನ ಗುಡ್ಡದ ರಸ್ತೆಯಲ್ಲಿ 1982ರಲ್ಲಿ ಅವಳ ಕಾರು ಕೆಳಗೆ ಉರುಳಿದ್ದು’ ಅಂದ. ಮಗಳು ಪಕ್ಕದಿಂದಲೇ ಅವನ ತೋಳು ಚಿವುಟಿದಳು. ಇವರು ಬ್ರೇಕ್ ಒತ್ತಿದರು. ಅಳಿಯಂದಿರು ತಲೆ ತಿರುಗಿಸಿ, ‘ಹೌದೇನ್ರಿ?’ ಅಂದರು.

ಮೊನಾಕೊ ನೋಡಿದೆವೋ ಇಲ್ಲವೋ ಅಂತ ನನಗೆ ಈಗಲೂ ಅನುಮಾನ. ಇಡೀ ದೇಶವೇ ಸುಮಾರು 2 ಚದರ ಕಿಲೋಮೀಟರ್. ಪಾರ್ಕಿಂಗ್ ಹುಡುಕುತ್ತಾ ಒಂದು ಸುರಂಗಕ್ಕೆ ಹೊಕ್ಕೆವು, ಹೊರಬಂದಾಗ ಫ್ರಾನ್ಸ್‌ನಲ್ಲಿದ್ದೆವು.

ಇಟಲಿಯ ಗಡಿ ದಾಟಿದ್ದು ಗೊತ್ತಾಗಲೇ ಇಲ್ಲ. ವೆಂತಿಮಿಲ್ಯದ ಹತ್ತಿರ ಟೋಲ್ ಗೇಟಿನಲ್ಲಿ ಒಂದು ಚೀಟಿ ತೆಗೆದುಕೊಂಡೆವು. ಅಲ್ಲಿಂದ ಜಿನೋವಾಕ್ಕೆ 150 ಕಿಲೋಮೀಟರ್‌ಗೂ ಜಾಸ್ತಿ. ರಸ್ತೆಯುದ್ದಕ್ಕೂ ಸುರಂಗ, ಸೇತುವೆ, ಮತ್ತೆ ಸುರಂಗ. ಸೇತುವೆ ಮೇಲೆ ನಾನು ಕಣ್ಣು ಮುಚ್ಚುತ್ತಿದ್ದೆ, ಸುರಂಗದಲ್ಲಿ ತೆರೆಯುತ್ತಿದ್ದೆ. ಇಟಲಿಯ ಕಡಲತೀರ ಹೇಗಿದೆ ಅಂತ ಕೇಳಿದವರಿಗೆ ಟ್ಯೂಬ್‌ಲೈಟ್ ಚೆನ್ನಾಗಿ ಹಾಕಿದ್ದಾರೆ ಅಂತ ಧಾರಾಳವಾಗಿ ಹೇಳಬಲ್ಲೆ.

ಹಸಿವಾಯಿತು ಅಂತ ಇಂಪೀರಿಯಾದಲ್ಲಿ ಹೆದ್ದಾರಿ ಇಳಿದೆವು. ಟೋಲ್ ಗೇಟಿನಲ್ಲಿ ಹಳದಿ ಬೋರ್ಡಿನ ಸಾಲು ಟೆಲಿಪಾಸ್‌ನವರಿಗೆ, ನಮ್ಮ ಫಾಸ್ಟ್ಯಾಗ್ ಥರದ ಯಂತ್ರ ಇದ್ದವರಿಗೆ ಮಾತ್ರ. ಅಳಿಯಂದಿರು ನೇರವಾಗಿ ಅದರತ್ತಲೇ ಹೋದರು. ಬೋರ್ಡು ನನಗೆ ಕಂಡಿತ್ತು. ಇವರಿಗೂ ಕಂಡಿತ್ತು. ಮಗನಿಗೂ ಕಂಡಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಅಳಿಯಂದಿರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಅಂತ ತೋರಿಸಿಕೊಳ್ಳುವುದು ಚೆನ್ನಾಗಿರುತ್ತಾ? ಕಾರು ನಿಂತಿತು. ಅಡ್ಡಗಂಬ ಏಳಲಿಲ್ಲ. ಹಿಂದೆ ಲಾರಿ ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಮಗಳಿಗೆ ತಡೆಯಲಾಗಲಿಲ್ಲ. ಅಪ್ಪ ಅಮ್ಮನ ಎದುರು ಗಂಡನನ್ನು ಬೈಯಬಾರದು ಅನ್ನುವ ತಿಳಿವಳಿಕೆ ಇದೆ ಅವಳಿಗೆ. ಅದಕ್ಕೇ ಜರ್ಮನ್‌ನಲ್ಲಿ ಬೈದಳು. ಅಳಿಯಂದಿರೂ ಜರ್ಮನ್‌ನಲ್ಲೇ ಉತ್ತರ ಕೊಟ್ಟರು. ನಾನು, ಇವರು ಆಚೆ ಕಡೆಯ ಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಸಹಾಯದ ಗುಂಡಿ ಒತ್ತಿದಾಗ ಪೆಟ್ಟಿಗೆಯೊಳಗಿಂದ ಒಂದು ಹೆಣ್ಣು ದನಿ ಇಟಾಲಿಯನ್‌ನಲ್ಲಿ ಏನೋ ಕೇಳಿತು. ಅಳಿಯಂದಿರು ಇಂಗ್ಲಿಷ್‌ನಲ್ಲಿ ಹೇಳಿದರು. ಅದು ಮತ್ತೆ ಇಟಾಲಿಯನ್‌ನಲ್ಲಿ ಕೇಳಿತು. ಕೊನೆಗೆ ಇವರು ಕಿಟಕಿಯ ಕಡೆ ಬಗ್ಗಿ, ‘ಅಮ್ಮಾ ತಾಯಿ, ಗೇಟ್ ತೆಗೀರಮ್ಮ’ ಅಂದರು. ಒಂದು ಕ್ಷಣ ಮೌನ. ಆಮೇಲೆ ಉದ್ದನೆಯ ಚೀಟಿ ಹೊರಬಂತು, ಗೇಟೂ ತೆರೆಯಿತು. 15 ದಿನದೊಳಗೆ ಹಣ ಕಟ್ಟಿ ಅಂತ ಅದರಲ್ಲಿತ್ತು. ತನ್ನಿಂದಲೇ ಗೇಟು ತೆರೆದಿದ್ದು ಅಂತ ಇವರು ಇವತ್ತಿಗೂ ನಂಬಿದ್ದಾರೆ.

ಇಷ್ಟು ಹೊತ್ತಿಗೆ ಮೂರು ಗಂಟೆ. ಇಟಲಿಯಲ್ಲಿ ಮಧ್ಯಾಹ್ನ ಎರಡೂವರೆ ದಾಟಿದರೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಬಂದ್. ಮತ್ತೆ ಒಲೆ ಹಚ್ಚುವುದು ಏಳರ ಮೇಲೆ. ಸುಮ್ನೆ ಗಲ್ಲಿ ಗಲ್ಲಿ ಸುತ್ತಿದೆವು. ಆಗ ನನ್ನ ಚೀಲಕ್ಕೆ ಬೆಲೆ ಬಂತು. ಪಾರ್ಕಿಂಗ್ ಜಾಗದಲ್ಲಿ ಸ್ಟೀಲ್ ಡಬ್ಬಿ ತೆಗೆದು ಗೊಜ್ಜವಲಕ್ಕಿ ಪುಡಿ ಸುರಿದೆ. ತರಿತರಿ ಅವಲಕ್ಕಿ, ಹುಣಸೆ, ಬೆಲ್ಲ, ಸಾರಿನಪುಡಿ ಎಲ್ಲ ಅದರಲ್ಲೇ ಇರುತ್ತದೆ, ನೀರು ಹಾಕಿ ಮುಚ್ಚಿಟ್ಟರೆ ಆಯಿತು. ಮಗ ಅಂಗಡಿಯಿಂದ ತಂದ ಬಾಟಲಿಯ ನೀರು ಸುರಿದೆ. ಡಬ್ಬಿ ಬುಸ್ ಅಂತು. ಕಂದು ಬಣ್ಣದ ನೊರೆ ಅಂಚಿನವರೆಗೆ ಎದ್ದು ನನ್ನ ಕೈ ಮೇಲೆ ಇಳಿಯಿತು. ಕಡಲೆಬೀಜ, ಕರಿಬೇವು ನೊರೆಯ ಮೇಲೆ ತೇಲಾಡುತ್ತಿದ್ದವು. ಮಗ ತಂದದ್ದು ಸೋಡಾ ನೀರು! ಅವನಿಗೆ ಬೈದೆ ನೋಡಿ. ಕಾರ್ನಿಶ್ ರಸ್ತೆಯಲ್ಲಿ ನುಂಗಿದ್ದು, ಟೋಲ್ ಗೇಟಿನಲ್ಲಿ ನುಂಗಿದ್ದು ಎಲ್ಲ ಸೇರಿಸಿ ಬೈದೆ. ‘ಒಂದು ಬಾಟಲಿ ನೀರಿಗೆ ಇಷ್ಟಾ ಅಮ್ಮಾ?’ ಅಂದ, ಪಾಪ. ಗೊಜ್ಜವಲಕ್ಕಿ ಮೆತ್ತಗಾಯಿತು, ನಾಲಿಗೆಗೆ ಸ್ವಲ್ಪ ಚುರುಗುಟ್ಟುತ್ತಿತ್ತು. ಅಳಿಯಂದಿರು ಎರಡು ಸಲ ಹಾಕಿಸಿಕೊಂಡು, ‘ಭಾಳ ಚಲೋ ಆಗೇತ್ರಿ’ ಅಂದರು. ಇಂಥ ಅಳಿಯನನ್ನು ಬೈಯುವುದಾದರೂ ಹೇಗೆ?

ಜಿನೋವಾದಲ್ಲಿ ನಾವು ಹಿಡಿದಿದ್ದ ಮನೆ ಹಳೇ ಊರಿನ ಸಂದಿಗಳ ಹತ್ತಿರ. ಇಟಲಿಯ ಬಹಳಷ್ಟು ಹಳೇ ಊರುಗಳಿಗೆ ಹೊರಗಿನ ಕಾರು ಹೋಗುವ ಹಾಗಿಲ್ಲ. ಕೆಂಪು ವೃತ್ತದ ಬೋರ್ಡು ಇರುತ್ತದೆ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಇದೂ ಎಕ್ಸೆಲ್ ಶೀಟಿನಲ್ಲಿತ್ತು. ಗೂಗಲ್ ಮ್ಯಾಪ್ ಎಕ್ಸೆಲ್ ಶೀಟ್ ಓದುವುದಿಲ್ಲವಲ್ಲ. ಕೆಂಪು ವೃತ್ತ ಬಂತು, ಹೋಯಿತು. ಹಿಂದಿನ ಸೀಟು ಎಂದಿನಂತೆ ಮೌನ.

ಅಲ್ಲಿಂದ ನೆಲದಡಿಯ ಪಾರ್ಕಿಂಗ್‌ಗೆ ಸುತ್ತಿ ಸುತ್ತಿ ಇಳಿಯುವಾಗ ಒಂದು ಕಂಬ ಅಡ್ಡ ಬಂತು. ಕರ್ರ್ ಅಂತ ಸದ್ದು. ಐದೂ ಜನಕ್ಕೆ ಕೇಳಿಸಿತು. ಐದೂ ಜನ ಕೇಳಿಸದ ಹಾಗೆ ಕೂತೆವು. ಇಳಿದು ನೋಡಿದರೆ ಬಲಗಡೆ ಹಿಂದಿನ ಬಾಗಿಲಿನ ಮೇಲೆ ಮೊಳದುದ್ದ ಗೀರು. ಅಳಿಯಂದಿರ ಮುಖ ನೋಡಲಾಗಲಿಲ್ಲ. ‘ಅಯ್ಯೋ ಬಿಡಿ, ಕಾಣೋದೇ ಇಲ್ಲ’ ಅಂದೆ. ಇವರು, ‘ಕಂಬಾನೇ ಸರಿ ಇಲ್ಲ’ ಅಂದರು. ಇದೇ ಗೀರನ್ನು ಮಗ ಎಳೆದಿದ್ದರೆ ಇವರು ಇನ್ನೂ ಅದೇ ಪಾರ್ಕಿಂಗ್‌ನಲ್ಲಿ ನಿಂತು ಭಾಷಣ ಮಾಡುತ್ತಿರುತ್ತಿದ್ದರು. ನಾನು ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು ಬಟ್ಟೆಗೆ ಹಚ್ಚಿ ಗೀರಿನ ಮೇಲೆ ಉಜ್ಜಿದೆ. ಎಣ್ಣೆ ಹಸಿ ಇರುವಷ್ಟು ಹೊತ್ತು ಗೀರು ಮಾಯ. ಆಮೇಲೆ ಪ್ರತಿದಿನ ಬೆಳಿಗ್ಗೆ ಆ ಕಾರಿಗೆ ಅಭ್ಯಂಜನ.

ಜಿನೋವಾ ಅಂದರೆ ಪೆಸ್ತೊ. ನಮ್ಮ ಕಾಮಕಸ್ತೂರಿ ಸೊಪ್ಪಿನ ಚಟ್ನಿಯೇ ಅಂದುಕೊಳ್ಳಿ. ಬೀಜ ನೆನೆಸಿ ಪಾನಕಕ್ಕೆ ಹಾಕುತ್ತೇವಲ್ಲ, ಅದರದೇ ಸೊಪ್ಪು. ಜೊತೆಗೆ ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ. ಬೆಳ್ಳುಳ್ಳಿ ಅಂದರೆ ಮೂಗು ಮುರಿಯುವ ಇವರು ತಟ್ಟೆ ಒರೆಸಿ ತಿಂದರು. ಬ್ರೆಡ್ಡಿನ ಕೊನೆಯ ತುಂಡು ಬಾಯಿಗೆ ಹೋದ ಮೇಲೆ ಮಗ ಫೋನ್ ತೆಗೆದು, ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅಂತ ಓದಿ ಹೇಳಿದ. ಆ ಫೋನ್ ಅವನಿಗೆ ಕೊಡಿಸಿದ್ದು ನಾವೇ.

ಚಿಂಕ್ವೆ ತೆರ್ರೆ ಅನ್ನುವ ಐದು ಹಳ್ಳಿಗಳಿಗೆ ಕಾರಿನಲ್ಲಿ ಹೋಗುವುದು ಕಷ್ಟ, ಲಾ ಸ್ಪೆಜಿಯಾದಲ್ಲಿ ಬಿಟ್ಟು ರೈಲು ಹತ್ತಬೇಕು ಅಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ರೈಲಿನಲ್ಲಿ ಡ್ರೈವರ್ ಯಾರ ಅಳಿಯನೋ ಏನೋ, ನಮಗೇನು! ಕಡಿದಾದ ಗುಡ್ಡಕ್ಕೆ ಕಲ್ಲಿನ ಕಟ್ಟೆ ಕಟ್ಟಿ ದ್ರಾಕ್ಷಿ ಬೆಳೆದಿದ್ದಾರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಐದರಲ್ಲಿ ಕೊರ್ನೀಲ್ಯ ಒಂದೇ ಸಮುದ್ರಕ್ಕೆ ಇಳಿಯದೆ ಗುಡ್ಡದ ಮೇಲೆ ಕೂತಿದೆ. ಸ್ಟೇಷನ್ನಿನಿಂದ ಸುಮಾರು 380 ಮೆಟ್ಟಿಲು. ಇವರ ಬಲಗಾಲು ಮೊದಲೇ ಬ್ರೇಕ್ ಒತ್ತಿ ಸೋತಿತ್ತು. ಕೂತು, ಎದ್ದು, ಗೋವಿಂದ ಅನ್ನುತ್ತಾ ಹತ್ತಿದೆವು. ಮೇಲೆ ಮುಟ್ಟುವ ಹೊತ್ತಿಗೆ ಒಂದು ಪುಟ್ಟ ಬಸ್ಸು ಬಂದು ನಿಂತಿತು. ಅದರಿಂದ ನನಗಿಂತ ಹಿರಿಯ ಹೆಂಗಸರು ಲಿಪ್‌ಸ್ಟಿಕ್ ಕೂಡ ಕೆಡದೆ ಇಳಿದರು. ಸ್ಟೇಷನ್ನಿನಿಂದಲೇ ಬರುವ ಬಸ್ಸು. ನಮ್ಮ ರೈಲಿನ ಪಾಸಿನಲ್ಲೇ ಅದರ ಟಿಕೆಟ್ಟೂ ಸೇರಿದೆಯಂತೆ. ಇದು ಮಾತ್ರ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ. ಇವರು ಮಗಳ ಕಡೆ ತಿರುಗಿ, ‘ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಡು’ ಅಂದರು.

ನೀಸ್‌ನಲ್ಲಿ ಕಾರು ಹಿಂತಿರುಗಿಸುವಾಗ ಬೆಳಿಗ್ಗೆಯೇ ಎಣ್ಣೆ ಹಚ್ಚಿಟ್ಟಿದ್ದೆ. ಪರೀಕ್ಷೆ ಮಾಡುವ ಹುಡುಗ ಸುತ್ತ ಬಂದ. ಹಿಂದಿನ ಬಾಗಿಲ ಹತ್ತಿರ ನಿಂತ. ಬೆರಳಿನಿಂದ ಸವರಿದ. ಆ ಬೆರಳನ್ನು ಮೂಸಿ ನೋಡಿದ. ನಾನು ವಿಮಾನಗಳ ಕಡೆ ನೋಡಿದೆ. ಹುಡುಗ ಟ್ಯಾಬ್‌ನಲ್ಲಿ ಏನೋ ಬರೆದುಕೊಂಡ, ಅಳಿಯಂದಿರು ಸಹಿ ಹಾಕಿದರು. ಅಷ್ಟೇ. ಒಂದು ಯೂರೋ ಕೂಡ ಕೇಳಲಿಲ್ಲ. ಪೂರ್ತಿ ವಿಮೆ ಮೊದಲ ದಿನವೇ ಮಾಡಿಸಿದ್ದರಂತೆ!

‘ಮತ್ತೆ ಅಮ್ಮ ದಿನಾ ಎಣ್ಣೆ ಉಜ್ತಿದ್ದಾಗ ಹೇಳ್ಬಾರದಿತ್ತಾ?’ ಅಂತ ಮಗಳು ಗಂಡನನ್ನು ಈ ಸಲ ಕನ್ನಡದಲ್ಲೇ ಕೇಳಿದಳು.

‘ಅತ್ತಿಯವ್ರಿಗೆ ಬ್ಯಾಡ ಅಂತ ಹೆಂಗ ಅನ್ನೂದು?’ ಅಂದರು ಅಳಿಯಂದಿರು. ಸ್ವಲ್ಪ ತಡೆದು, ನೆಲ ನೋಡುತ್ತಾ, ಸೋಡಾ ಅವಲಕ್ಕಿಯ ವಿಷಯಕ್ಕೂ ಹಾಗೇ ಆಯಿತು ಅಂದರು.

ಕೆಂಪು ವೃತ್ತದ ದಂಡದ ಕಾಗದ ಎಷ್ಟೋ ತಿಂಗಳಾದ ಮೇಲೆ ಮ್ಯೂನಿಕ್‌ಗೆ ಬಂತು. ಅದನ್ನು ಹೇಳಲು ಫೋನ್ ಮಾಡಿದವರು ಮುಂದಿನ ಪ್ಲಾನ್ ಕೂಡ ಹೇಳಿದರು. ಕ್ರೊಯೇಷಿಯಾ ಕಡಲ ರಸ್ತೆಯಲ್ಲಿ ಡುಬ್ರೊವ್ನಿಕ್‌ವರೆಗೆ, ಈ ಸಲ ನಿಜವಾಗಿಯೂ ದೊಡ್ಡ ಕಾರು. ‘ಆಗಲಿ, ಖಂಡಿತ’ ಅಂದೆ. ಫೋನ್ ಇಟ್ಟ ತಕ್ಷಣ ಅಲ್ಲಿಗೆ ರೈಲು ಇದೆಯಾ ನೋಡು ಅಂತ ಮಗನಿಗೆ ಹೇಳಿದೆ. ಡುಬ್ರೊವ್ನಿಕ್‌ಗೆ ರೈಲೇ ಇಲ್ಲವಂತೆ. ಇವರು ಆಗಲೇ ಮೂಳೆ ಡಾಕ್ಟರ ಹತ್ತಿರ ಬಲಗಾಲು ತೋರಿಸಿಕೊಂಡು ಬರಲು ಹೊರಟಿದ್ದಾರೆ.