ವಾಚ್ ಔಟ್ ಅಂದ್ರೆ ಎತ್ತ ನೋಡೋದು?

‘ವಾಚ್ ಔಟ್!’ ಅಂತ ಇಂಗ್ಲಿಷಿನಲ್ಲಿ ಕೂಗುವವರಿಗೆ ನನ್ನದೊಂದು ಬೇಡಿಕೆ ಇದೆ. ದಯವಿಟ್ಟು ದಿಕ್ಕನ್ನೂ ಸೇರಿಸಿ ಕೂಗಿ. ಸುಮ್ನೆ ‘ವಾಚ್ ಔಟ್’ ಅಂದ್ರೆ ನಾನು ನೋಡುವುದು ಕೂಗಿದವರ ಮುಖವನ್ನೇ. ಶಬ್ದ ಎಲ್ಲಿಂದ ಬಂತೋ ಕತ್ತು ಅತ್ತ ತಿರುಗುತ್ತದೆ, ಅದು ಕತ್ತಿನ ಸ್ವಭಾವ. ಹೀಗೇ ಒಮ್ಮೆ ಸಹೋದ್ಯೋಗಿಯೊಬ್ಬರ ಗಾಬರಿ ಮುಖ ನೋಡುತ್ತಾ, ಪಾಪ ಇವರಿಗೆ ಏನಾಯ್ತಪ್ಪ ಅಂತ ಮರುಗುತ್ತಾ, ಹೋಗಿ ಗಾಜಿನ ಬಾಗಿಲಿಗೆ ಹಣೆ ಹೊಡೆದುಕೊಂಡೆ. ಅವರು ಕೂಗದೇ ಇದ್ದಿದ್ದರೆ ಬಾಗಿಲು ಕಾಣುತ್ತಿತ್ತು. ಆಮೇಲೆ ‘ಹೇಳಿದ್ನಲ್ಲ ನಾನು!’ ಅಂತ ಬೇರೆ.

‘ಲುಕ್ ಔಟ್’ ಕೂಡ ಇದೇ ಜಾತಿ. ಅರ್ಥ ಹುಷಾರು ಅಂತ, ಆದರೆ ಪದ ಹೇಳುವುದು ನೋಡು ಅಂತ. ಅಟ್ಟದಿಂದ ಡಬ್ಬ ಬೀಳುವಾಗ ಮೇಲೆ ನೋಡಿದವನ ಮೂಗಿನ ಗತಿ ಯೋಚಿಸಿ. ‘ಹೆಡ್ಸ್ ಅಪ್’ ಅಂತೂ ಶುದ್ಧ ಮೋಸ, ತಲೆ ತಗ್ಗಿಸಬೇಕಾದ ಹೊತ್ತಿಗೆ ತಲೆ ಎತ್ತು ಅನ್ನುತ್ತದೆ. ಇದ್ದಿದ್ದರಲ್ಲಿ ತಲೆ ತಗ್ಗಿಸು ಅನ್ನುವ ‘ಡಕ್’ ಒಂದೇ ಪ್ರಾಮಾಣಿಕ ಪದ. ಅದನ್ನು ಕೇಳಿ ಬಾತುಕೋಳಿ ಹುಡುಕುವವರೂ ಇದ್ದಾರೆ, ಅದು ಬೇರೆ ಮಾತು.

ವ್ಯಾಕರಣದಲ್ಲಿ ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಕೊನೆಗೊಂದು ‘ಫಾರ್’ ಸೇರಿಸಿ ಅಪಾಯದ ಹೆಸರು ಹೇಳಿದರಾಯ್ತು, ‘ವಾಚ್ ಔಟ್ ಫಾರ್ ದಿ ಸ್ಟೆಪ್’ ಅನ್ನುವ ಹಾಗೆ. ಆದರೆ ಅಷ್ಟು ಉದ್ದ ಹೇಳಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲ ಕೆಳಗಿರುತ್ತೇನೆ.

ಕೂಗದೆ ಮೆತ್ತಗೆ ಹೇಳುವವರು ಇನ್ನೂ ಅಪಾಯ. ‘ಹಾಲಿಟ್ಟಿದ್ದೀನಿ, ಸ್ವಲ್ಪ ಕಣ್ಣಿಟ್ಟಿರು’ ಅಂದು ಹೋಗುತ್ತಾರೆ. ಇಡೋಣ. ಆದರೆ ಹಾಲು ಬಹಳ ಹೊತ್ತು ಏನೂ ಮಾಡುವುದಿಲ್ಲ. ಮೇಲೆ ಕೆನೆಕಟ್ಟಿ, ಅದರಡಿ ಹಬೆ ಸೇರಿಸಿಕೊಂಡು, ನಾವು ಆಕಳಿಸುವುದನ್ನೇ ಕಾದು ಒಮ್ಮೆಲೇ ಎದ್ದು ಬರುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆ ನೋಡುತ್ತಾ ಕೂತವರು ಯಾಕೆ ಸಂಕೇತ ಗಮನಿಸದೆ ಬಿಡುತ್ತಾರೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಃಶಾಸ್ತ್ರಜ್ಞ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿದರು, 1948ರಲ್ಲಿ ಪ್ರಕಟಿಸಿದರು. ಅಂಕಿಗಳೇ ಇಲ್ಲದ ಗಡಿಯಾರ, ಸೆಕೆಂಡಿಗೊಂದು ಹೆಜ್ಜೆ ಇಡುವ ಮುಳ್ಳು, ಅಪರೂಪಕ್ಕೊಮ್ಮೆ ಅದು ಎರಡು ಹೆಜ್ಜೆ ಹಾರಿದರೆ ಗುಂಡಿ ಒತ್ತಬೇಕು, ಹೀಗೆ 2 ಗಂಟೆ. ಮೊದಲ ಅರ್ಧ ಗಂಟೆ ಕಳೆಯುತ್ತಲೇ ಗಮನಿಸದೆ ಬಿಡುವುದು ಜಾಸ್ತಿಯಾಯಿತು. ಅವರೆಲ್ಲ ತರಬೇತಿ ಪಡೆದ ಯುವಕರು, ಮೇಲಾಗಿ ಕೈಯಲ್ಲಿ ಮೊಬೈಲ್ ಕೂಡ ಇರಲಿಲ್ಲ. ಒಲೆ ಒರೆಸುತ್ತಾ ಇದನ್ನೆಲ್ಲ ಮನೆಯಲ್ಲಿ ವಿವರಿಸಿದೆ. ಯಾರೂ ಕೇಳಲಿಲ್ಲ.

ಇವೆಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ‘ಲುಕ್ ಔಟ್ ಫಾರ್ ಹಿಮ್’. ಅವನು ಬರುತ್ತಾನಾ ನೋಡ್ತಿರು ಅಂತಲೂ ಆಗುತ್ತದೆ, ಅವನನ್ನು ಚೆನ್ನಾಗಿ ನೋಡ್ಕೋ ಅಂತಲೂ ಆಗುತ್ತದೆ, ಅವನ ಹತ್ತಿರ ಹುಷಾರಾಗಿರು ಅಂತಲೂ ಆಗುತ್ತದೆ. ಇದೆಂಥ ಎಡವಟ್ಟು ಭಾಷೆ ಅನ್ನಿಸಬಹುದು, ಅಲ್ವಾ? ನಮ್ಮ ಸಂಬಂಧಿಕರೊಬ್ಬರ ಪರಿಚಯ ನಿಮಗಿಲ್ಲ, ಅದಕ್ಕೆ. ಅವರು ಬರುವ ದಾರಿ ಕಾಯಬೇಕು, ಬಂದ ಮೇಲೆ ಚೆನ್ನಾಗಿ ನೋಡಿಕೊಳ್ಳಬೇಕು, ಹೊರಡುವಾಗ ನಮ್ಮ ಚಾರ್ಜರ್ ಯಾರ ಚೀಲದಲ್ಲಿದೆ ಅಂತ ನೋಡಬೇಕು.