ಪಿಎಂ ಕಿಸಾನ್: ಇ-ಕೆವೈಸಿ ಒಂದೇ ಸಾಲದು

"ಇ-ಕೆವೈಸಿ ಮಾಡಿಸಿದರೆ ಸಾಕು, ಆಮೇಲೂ 2,000 ರೂಪಾಯಿ ಬರದಿದ್ದರೆ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ ಎಂದರ್ಥ" ಎಂಬ ಸಂದೇಶ, ಕೇಂದ್ರ ಸರ್ಕಾರ ರೈತರಿಗೆ ಕಂತುಗಳಲ್ಲಿ ಹಣ ಕೊಡುವ ಪಿಎಂ ಕಿಸಾನ್ ಯೋಜನೆಯ ಬಗ್ಗೆ, ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕಂತು ಬರಲು ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಜೊತೆಗೆ ಪಹಣಿಯ ವಿವರ ಜೋಡಣೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಎರಡೂ ಆಗಿರಬೇಕು. ಪಿಎಂ ಕಿಸಾನ್ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಟೇಟಸ್ ತೆರೆದರೆ ಈ ಮೂರರ ಮುಂದೆಯೂ 'ಯೆಸ್' ಅಥವಾ 'ನೋ' ಕಾಣುತ್ತದೆ. 'ನೋ' ಇರುವಲ್ಲೇ ತೊಡಕು.

ಹೆಚ್ಚು ಜನ ಎಡವುವುದು ಖಾತೆಯ ವಿಷಯದಲ್ಲಿ. ಹಣ ಜಮೆಯಾಗುವುದು ಅರ್ಜಿಯಲ್ಲಿ ಬರೆದುಕೊಟ್ಟ ಪಾಸ್‌ಬುಕ್ಕಿಗಲ್ಲ, ಎನ್‌ಪಿಸಿಐ (ಬ್ಯಾಂಕ್ ಪಾವತಿ ವ್ಯವಸ್ಥೆ ನಡೆಸುವ ರಾಷ್ಟ್ರೀಯ ಸಂಸ್ಥೆ) ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹೊಸ ಖಾತೆ ತೆರೆದಾಗ ಆಧಾರ್ ಜೋಡಣೆಗೆ ಒಪ್ಪಿ ಸಹಿ ಹಾಕಿದ್ದರೆ ಹಣ ಅಲ್ಲಿ ಬಿದ್ದಿರಬಹುದು. ಹೆಸರು ಹೋಯಿತೆಂದು ಗಾಬರಿಯಾಗುವ ಮುನ್ನ ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.

ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ) ಮಾಡಿಸಿಕೊಳ್ಳಿ. ನಂತರ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿಗೆ (ರಾಜ್ಯದ ರೈತರ ನೋಂದಣಿ ಸಂಖ್ಯೆಗೆ) ಸರ್ವೆ ನಂಬರ್ ಸೇರಿಸಿ.

ಆದಾಯ ತೆರಿಗೆ ಕಟ್ಟುವವರ ಕುಟುಂಬಕ್ಕೆ ಮಾತ್ರ ಹಕ್ಕಿಲ್ಲ ಎಂಬುದೂ ಅರ್ಧ ಸತ್ಯ: ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರಿಗೂ ಇಲ್ಲ, ಗ್ರೂಪ್ ಡಿ ನೌಕರರಾಗಿದ್ದವರಿಗೆ ವಿನಾಯಿತಿ ಇದೆ.

ಸಂದೇಶದ ಜೊತೆ ಬರುವ ಎಪಿಕೆ ಫೈಲನ್ನು (ಮೊಬೈಲ್ ಆ್ಯಪ್ ಅಳವಡಿಸುವ ಫೈಲ್) ದಯವಿಟ್ಟು ತೆರೆಯಬೇಡಿ. ಸಹಾಯವಾಣಿ: 155261.